ಮನೆಯಲ್ಲಿ ಮೌನ, ತರಕಾರಿ ಗಾಡಿಯ ಬಳಿ ಮಾತು

ಈ ವಾರಕ್ಕೆಂದು ತೆಗೆದಿರಿಸಿದ್ದ ಪತ್ರಗಳನ್ನೆಲ್ಲ ಬದಿಗಿಟ್ಟು ಡೊಂಬಿವಲಿಯ ಒಬ್ಬ ಓದುಗರಿಗೆ ಮಾತ್ರ ಉತ್ತರಿಸುತ್ತಿದ್ದೇನೆ. ಅವರು ಕೈಯಲ್ಲಿ ಬರೆದು ಕಳುಹಿಸಿದ ನಾಲ್ಕು ಪುಟಗಳನ್ನು ಓದಿದ ಮೇಲೆ ಮತ್ತೊಂದು ಲಕೋಟೆ ಬಿಡಿಸಲು ಮನಸ್ಸಾಗಲಿಲ್ಲ.

ಅವರ ತವರು ಜಮಖಂಡಿಯ ಹತ್ತಿರದ ಒಂದು ಹಳ್ಳಿ. ಗಂಡನ ಮನೆಯವರು ಕುಂದಾಪುರದ ಕಡೆಯವರು, ಮುಂಬೈಗೆ ಬಂದು 40 ವರ್ಷ ದಾಟಿದೆ. ಮೊಣಕಾಲಿನ ಚಿಕಿತ್ಸೆಗೆಂದು ಬಂದ ತಾಯಿ 5 ತಿಂಗಳಿಂದ ಮಗಳ ಮನೆಯಲ್ಲಿದ್ದಾರೆ. 9 ವರ್ಷದ ಮೊಮ್ಮಗಳು ಅಜ್ಜಿಯನ್ನು ಅವರ ಊರಿನ ರೂಢಿಯಂತೆ ‘ಆಯಿ’ ಎಂದೇ ಕರೆಯುತ್ತಾಳೆ, ಅಜ್ಜಿಯ ಮಗ್ಗುಲಲ್ಲೇ ಮಲಗುತ್ತಾಳೆ, ಅವರ ಮಾತನ್ನೂ ಕಲಿತಿದ್ದಾಳೆ. ಸ್ಥಳೀಯ ಕನ್ನಡ ಸಂಘವೊಂದರ ಭಾಷಣ ಸ್ಪರ್ಧೆಯಲ್ಲಿ ‘ನನ್ನ ಅಜ್ಜಿಯ ಊರು’ ಎಂಬ ವಿಷಯ ಕೊಟ್ಟಾಗ ಆ ಹುಡುಗಿ ವೇದಿಕೆ ಹತ್ತಿ, “ನಮ್ಮ ಆಯಿ ಊರಾಗ ದೊಡ್ಡ ಮನಿ ಐತಿ, ಹಿತ್ತಲದಾಗ ಬಾವಿ ಐತಿ” ಎಂದು ಆರಂಭಿಸಿದಳು. ಸಭೆ ನಕ್ಕಿತು. ತೀರ್ಪುಗಾರರು ಧ್ವನಿವರ್ಧಕ ತೆಗೆದುಕೊಂಡು, ಮರಾಠಿ ಬೆರೆತ ಇಂಥ ಮಾತು ಕನ್ನಡವಲ್ಲ, ಶುದ್ಧ ಕನ್ನಡ ಕಲಿತು ಮುಂದಿನ ವರ್ಷ ಬಾ ಎಂದರು. ಅಂದಿನಿಂದ ಮಗು ಅಜ್ಜಿಯ ಪ್ರಶ್ನೆಗಳಿಗೆ ಹಿಂದಿಯಲ್ಲಿ ಉತ್ತರಿಸುತ್ತಿದೆ. ಮಗುವಿನ ಮುಂದೆ ಎಲ್ಲರೂ ‘ಚೆನ್ನಾದ ಕನ್ನಡ’ವನ್ನೇ ಆಡಬೇಕು ಎಂದು ಅತ್ತೆ ಹೇಳಿದ್ದಾರೆ, ಗಂಡ ತಲೆಯಾಡಿಸಿದ್ದಾರೆ. ತಾಯಿಗೆ ಮಾತು ತಿದ್ದಿಕೊಳ್ಳಲು ಹೇಗೆ ಹೇಳಲಿ, ಅಥವಾ ಮಗಳಿಗೆ ಕನ್ನಡವನ್ನೇ ಬಿಡಿಸಿ ಮರಾಠಿ, ಇಂಗ್ಲಿಷುಗಳಲ್ಲೇ ಇರಲು ಬಿಡಲೇ ಎಂಬುದು ಪತ್ರದ ಪ್ರಶ್ನೆ.

ತಂಗೀ, ನೀವು ಮುಖ್ಯವೆಂದು ಬರೆದುದೆಲ್ಲ ನನಗೆ ಅಷ್ಟು ಮುಖ್ಯವೆನಿಸಲಿಲ್ಲ. ಮೂರನೆಯ ಪುಟದ ಕೊನೆಗೆ, ಬೇರೆ ಮಾತಿನ ನಡುವೆ, ನೀವು ಒಂದು ವಾಕ್ಯ ಬರೆದಿದ್ದೀರಿ. ನಿಮ್ಮ ತಾಯಿ ದಿನವೂ ಸಂಜೆ ಗೇಟಿನ ಹೊರಗಿನ ತರಕಾರಿ ಗಾಡಿಯ ಹತ್ತಿರ ಒಂದು ಗಂಟೆ ನಿಲ್ಲುತ್ತಾರೆ, ಗಾಡಿಯವಳು ಅಕ್ಕಲಕೋಟದ ಕಡೆಯವಳು, ನೆರೆಯವರು ನೋಡುವುದರಿಂದ ಮನೆಯವರಿಗೆ ಮುಜುಗರವಾಗುತ್ತದೆ ಎಂದು. ಮೊಣಕಾಲು ನೋವಿಗೆ ಚಿಕಿತ್ಸೆ ಪಡೆಯುತ್ತಿರುವ ಹೆಂಗಸು ಒಂದು ಗಂಟೆ ರಸ್ತೆಯ ಬದಿಯಲ್ಲಿ ಯಾಕೆ ನಿಲ್ಲುತ್ತಾರೆ ಎಂದು ನೀವು ಕೇಳಿಕೊಂಡಿಲ್ಲ. ಅಕ್ಕಲಕೋಟ ಸೊಲ್ಲಾಪುರ ಜಿಲ್ಲೆಯ ತಾಲ್ಲೂಕು, ಮಹಾರಾಷ್ಟ್ರದಲ್ಲಿದೆ, ಆದರೆ ಅಲ್ಲಿನ ಅನೇಕ ಹಳ್ಳಿಗಳ ಮನೆಮಾತು ಕನ್ನಡ, ಅದೂ ನಿಮ್ಮ ತಾಯಿಯ ಮಾತಿಗೆ ತೀರ ಹತ್ತಿರದ ಕನ್ನಡ. ಕನ್ನಡದ ಮನೆಯೊಳಗೆ ಬಾಯಿ ಕಟ್ಟಿ ಕುಳಿತ ಆ ತಾಯಿಗೆ ಕನ್ನಡ ಸಿಗುತ್ತಿರುವುದು ಬೀದಿಯಲ್ಲಿ, ಕೊತ್ತಂಬರಿ ಮಾರುವ ಹೆಂಗಸಿನ ಬಾಯಲ್ಲಿ. ನೋಯುವ ಕಾಲಿನ ಮೇಲೆ ನಿಂತು ಅವರು ತಮ್ಮ ಒಂದು ದಿನದ ಮಾತನ್ನೆಲ್ಲ ಆ ಒಂದು ಗಂಟೆಯಲ್ಲಿ ಆಡಿ ಮುಗಿಸುತ್ತಿದ್ದಾರೆ. ನಿಮ್ಮ ಪತ್ರದಲ್ಲಿ ನಿಜವಾದ ಸಂಕಟ ಇರುವುದು ಇಲ್ಲಿ.

ಇನ್ನು ಆ ತೀರ್ಪುಗಾರರು. ನಿಮ್ಮ ಪತ್ರದಲ್ಲಿ ಅವರು ಎರಡು ಸಾಲುಗಳಲ್ಲಿ ಬಂದು ಹೋಗುತ್ತಾರೆ, ನೀವು ಅವರ ಮೇಲೆ ಒಂದು ದೂರನ್ನೂ ಹೇಳಿಲ್ಲ, ‘ಹಿರಿಯರು, ತಿಳಿದವರು’ ಎಂದು ಬರೆದಿದ್ದೀರಿ. ನಾನು ಅವರನ್ನು ಅಷ್ಟು ಸುಲಭವಾಗಿ ಬಿಡಲಾರೆ. ಮುಂಬೈಯಲ್ಲಿ ಹುಟ್ಟಿ, ಶಾಲೆಯಲ್ಲಿ ಕನ್ನಡದ ಒಂದು ಅಕ್ಷರವನ್ನೂ ಕಲಿಯದ ಮಗುವೊಂದು ವೇದಿಕೆ ಹತ್ತಿ ಕಾಗದವಿಲ್ಲದೆ ಕನ್ನಡ ಮಾತನಾಡುತ್ತಿದೆ ಎಂದರೆ ಆ ಸಂಘ ಇರುವುದೇ ಆ ಗಳಿಗೆಗಾಗಿ. ಅದೇ ಗಳಿಗೆಯಲ್ಲಿ, ನೂರು ಜನರೆದುರು, ನಿನ್ನದು ಕನ್ನಡವಲ್ಲ ಎಂದು ಅವರು ಹೇಳಿದರು. ತಿಳಿದವರು ಎನಿಸಿಕೊಂಡವರಿಗೆ ಕೆಲವು ಸಂಗತಿಗಳು ತಿಳಿದಿರಬೇಕಿತ್ತು.

9ನೇ ಶತಮಾನದ ಕವಿರಾಜಮಾರ್ಗವು ಕನ್ನಡದ ತಿರುಳು ಇರುವ ನಾಡು ಎಂದು ನಾಲ್ಕು ಊರುಗಳ ನಡುವಣ ಪ್ರದೇಶವನ್ನು ಗುರುತಿಸಿತು: ಕಿಸುವೊಳಲು, ಕೊಪಣ, ಪುಲಿಗೆರೆ, ಒಕ್ಕುಂದ. ಕೊಪಣವೆಂದರೆ ಇಂದಿನ ಕೊಪ್ಪಳ, ಪುಲಿಗೆರೆಯೆಂದರೆ ಗದಗ ಜಿಲ್ಲೆಯ ಲಕ್ಷ್ಮೇಶ್ವರ, ಒಕ್ಕುಂದ ಬೆಳಗಾವಿ ಜಿಲ್ಲೆಯಲ್ಲಿದೆ. ಕಿಸುವೊಳಲು ಎಂದರೆ ಪಟ್ಟದಕಲ್ಲು, ಅದು ನಿಮ್ಮ ತಾಯಿಯದೇ ಬಾಗಲಕೋಟೆ ಜಿಲ್ಲೆ. ಅಂದಿನ ಆ ಕನ್ನಡವೇ ಇಂದಿನ ಜಮಖಂಡಿಯ ಮಾತು ಎಂದು ನಾನು ವಾದಿಸುವುದಿಲ್ಲ, ಸಾವಿರ ವರ್ಷಗಳಲ್ಲಿ ಎಲ್ಲ ಕಡೆಯ ಕನ್ನಡವೂ ಬದಲಾಗಿದೆ. ಆದರೆ ಒಂದು ಕಾಲಕ್ಕೆ ಯಾವ ಸೀಮೆಯ ನುಡಿ ಮಾದರಿಯಾಗಿತ್ತೋ ಅದೇ ಸೀಮೆಯ ಮಗುವಿಗೆ ಇನ್ನೊಂದು ಕಾಲದಲ್ಲಿ ನಿನ್ನದು ಕನ್ನಡವಲ್ಲ ಎನ್ನುವವರು, ಮಾದರಿ ಎಂಬುದು ಕಾಲದಿಂದ ಕಾಲಕ್ಕೆ ಊರು ಬದಲಿಸುತ್ತದೆ ಎಂಬುದನ್ನು ಮರೆತಿದ್ದಾರೆ. ದೇಸಿಗಳು, ಎಂದರೆ ಆಯಾ ಸೀಮೆಯ ನುಡಿಗಳು, ಬೇರೆ ಬೇರೆಯಾಗಿರುವುದರಿಂದ ಕನ್ನಡಗಳಲ್ಲಿನ ದೋಷ ಇಷ್ಟೇ ಎಂದು ಗೊತ್ತುಮಾಡಲು ಹೊರಟರೆ ಸರ್ಪರಾಜ ವಾಸುಕಿಯೂ ಅರಿಯಲಾರದೆ ಬೇಸರಪಡುತ್ತಾನೆ ಎಂದು ಅದೇ ಗ್ರಂಥ ಹೇಳುತ್ತದೆ. ಅದು ಬಳಸುವ ಪದ ‘ಕನ್ನಡಂಗಳ್’, ಬಹುವಚನ.

‘ಮನಿ’ ತಪ್ಪಲ್ಲ, ಅದು ಒಂದು ನಿಯಮ. ಆ ಸೀಮೆಯಲ್ಲಿ ಪದದ ಕೊನೆಯ ಎಕಾರ ಇಕಾರವಾಗುತ್ತದೆ. ಮನೆ ಮನಿಯಾದಂತೆ ಕೆರೆ ಕೆರಿಯಾಗುತ್ತದೆ, ತಲೆ ತಲಿಯಾಗುತ್ತದೆ, ನಿಮ್ಮ ಮಗಳು ಅದನ್ನು ಒಮ್ಮೆಯೂ ತಪ್ಪದೆ ಪಾಲಿಸಿದ್ದಾಳೆ. ಬರಹದ ‘ಮಾಡುತ್ತಾ ಇದ್ದೇನೆ’ ಎಂಬುದನ್ನು ಮೈಸೂರಿನವರು ‘ಮಾಡ್ತಿದೀನಿ’ ಎಂದು ಕಿರಿದುಗೊಳಿಸಿದರೆ, ನಿಮ್ಮ ಊರಿನವರು ‘ಮಾಡಲಿಕ್ಕೆ ಹತ್ತಿದ್ದೇನೆ’ ಎಂಬುದನ್ನು ‘ಮಾಡಾಕತ್ತೀನಿ’ ಎಂದು ಕಿರಿದುಗೊಳಿಸುತ್ತಾರೆ. ಒಂದನ್ನು ಶುದ್ಧವೆಂದೂ ಇನ್ನೊಂದನ್ನು ಒರಟೆಂದೂ ಕರೆಯಲು ವ್ಯಾಕರಣದಲ್ಲಿ ಯಾವ ಆಧಾರವೂ ಇಲ್ಲ. ಮರಾಠಿ ಬೆರಕೆ ಎಂಬ ಆಕ್ಷೇಪಕ್ಕೂ ಬುಡವಿಲ್ಲ. ಜಮಖಂಡಿ 1948ರವರೆಗೆ ಪಟವರ್ಧನರ ಸಂಸ್ಥಾನ, ಆಳಿದವರ ಮನೆಮಾತು ಮರಾಠಿ, ಆದುದರಿಂದ ‘ಖರೆ’ಯಂಥ ಪದಗಳು ಜನರ ಬಾಯಿಗೆ ಬಂದವು. ಆ ತೀರ್ಪುಗಾರರು ಕುಳಿತಿದ್ದ ಕುರ್ಚಿ, ಅವರು ದುಡಿದ ಕಚೇರಿ, ಬರೆದ ಅರ್ಜಿ, ಇವೂ ಹೊರಗಿನಿಂದ ಬಂದ ಪದಗಳೇ. ಮರಾಠಿಯವರು ದಿನವೂ ಅನ್ನಕ್ಕೆ ಹಾಕಿಕೊಳ್ಳುವ ‘ತೂಪ’ ನಮ್ಮ ತುಪ್ಪದಿಂದ ಹೋದದ್ದು, ಅವರ ‘ಅಡಕಿತ್ತಾ’ ನಮ್ಮ ಅಡಕೆ ಕತ್ತರಿಸುವ ಅಡಕೊತ್ತು. ಅಕ್ಕಪಕ್ಕ ಬದುಕಿದ ಜನ ಕೊಟ್ಟು ಕೊಂಡದ್ದಕ್ಕೆ ಒಂದು ಮಗು ಪ್ರಾಯಶ್ಚಿತ್ತ ಮಾಡಬೇಕಾಗಿಲ್ಲ.

ಬರೆಯುವ ಕನ್ನಡ ಯಾರ ಮನೆಮಾತೂ ಅಲ್ಲ ಎಂದು ಈ ಅಂಕಣದಲ್ಲಿ ಹಿಂದೆಯೂ ಹೇಳಿದ್ದೇನೆ, ಮತ್ತೆ ಹೇಳುತ್ತೇನೆ. ನಾನು ಈಗ ಬರೆಯುತ್ತಿರುವಂತೆ ನನ್ನ ಮನೆಯಲ್ಲಿ ಯಾರೂ ಮಾತನಾಡುವುದಿಲ್ಲ, ಮೈಸೂರಿನಲ್ಲೂ ಮಾತನಾಡುವುದಿಲ್ಲ, ಮಂಗಳೂರಿನಲ್ಲೂ ಮಾತನಾಡುವುದಿಲ್ಲ. 1956ಕ್ಕೆ ಮೊದಲು ಧಾರವಾಡ, ವಿಜಯಪುರಗಳು ಮುಂಬೈ ಪ್ರಾಂತ್ಯದಲ್ಲಿ, ಕುಂದಾಪುರ ಮದರಾಸು ಪ್ರಾಂತ್ಯದಲ್ಲಿ, ಮೈಸೂರು ಅರಸರ ಕೈಯಲ್ಲಿ ಇದ್ದಾಗ ಇವರೆಲ್ಲ ಒಬ್ಬರ ಪುಸ್ತಕವನ್ನು ಇನ್ನೊಬ್ಬರು ಓದಲು ಸಾಧ್ಯವಾದದ್ದು ಬರಹದ ಕನ್ನಡ ಎಲ್ಲರಿಗೂ ಸಮಾನ ದೂರದಲ್ಲಿ ಅಲ್ಲದಿದ್ದರೂ ಎಲ್ಲರ ಕೈಗೆ ಎಟುಕುವಷ್ಟು ದೂರದಲ್ಲಿ ಇದ್ದುದರಿಂದ. ಅದನ್ನು ಕಲಿಯಬೇಕು, ನಿಮ್ಮ ಮಗಳೂ ಕಲಿಯಲಿ, ಕಾಗದದ ಮೇಲೆ ಮನೆ ಎಂದೇ ಬರೆಯಲಿ. ಆದರೆ ಅದನ್ನು ಕಲಿಯುವುದಕ್ಕೆ ಆಯಿಯ ಮಾತನ್ನು ತೆರಬೇಕು ಎಂದು ಯಾರು ಹೇಳಿದರು? ಒಂದು ಮಗು ಮರಾಠಿ, ಹಿಂದಿ, ಇಂಗ್ಲಿಷುಗಳನ್ನು ಒಂದೇ ದಿನದಲ್ಲಿ ಗೊಂದಲವಿಲ್ಲದೆ ಆಡುವ ಈ ಊರಿನಲ್ಲಿ ಅದಕ್ಕೆ ಎರಡು ಕನ್ನಡ ಭಾರವಾಗುವುದಿಲ್ಲ. ಬೇಂದ್ರೆಯವರಿಗೆ 1973ರ ಜ್ಞಾನಪೀಠ ತಂದ ಸಂಕಲನದ ಹೆಸರು ‘ನಾಕು ತಂತಿ’. ಅವರು ಪುಣೆಯ ಫರ್ಗ್ಯುಸನ್ ಕಾಲೇಜಿನಲ್ಲಿ ಓದಿದವರು, ಸೊಲ್ಲಾಪುರದಲ್ಲಿ ವರ್ಷಗಟ್ಟಲೆ ಪಾಠ ಹೇಳಿದವರು, ನಾಲ್ಕು ಎಂದು ಬರೆಯಲು ಬಾರದೆ ನಾಕು ಎಂದು ಬರೆದವರಲ್ಲ.

ನೀವು ಬದುಕುತ್ತಿರುವ ರಾಜ್ಯದ ಉದಾಹರಣೆಯನ್ನೇ ನೋಡಿ. ಬಹಿಣಾಬಾಯಿ ಚೌಧರಿ ಓದು ಬರಹ ಕಲಿತವರಲ್ಲ, ಹೊಲದಲ್ಲಿ ದುಡಿಯುತ್ತ, ಬೀಸುತ್ತ ಖಾನದೇಶದ ಆಡುಮಾತಿನಲ್ಲಿ ಹಾಡು ಕಟ್ಟಿದವರು. ಅವರು 1951ರಲ್ಲಿ ತೀರಿಕೊಂಡ ನಂತರ ಅವರ ಹಾಡುಗಳು ಅಚ್ಚಾದವು, ಮರಾಠಿ ಪಠ್ಯಪುಸ್ತಕಗಳಿಗೆ ಬಂದವು, ಈಗ ಜಳಗಾಂವದ ವಿಶ್ವವಿದ್ಯಾಲಯಕ್ಕೆ ಅವರ ಹೆಸರಿದೆ. ಆ ಪದಗಳನ್ನು ಪುಣೆಯ ಮರಾಠಿಗೆ ತಿದ್ದಿ ಅಚ್ಚು ಮಾಡಲಿಲ್ಲ. ನಿಮ್ಮ ಮಗಳು ಶಾಲೆಯಲ್ಲಿ ಇನ್ನೊಂದು ಭಾಷೆಯ ಅಜ್ಜಿಯ ಹಳ್ಳಿಮಾತನ್ನು ಗೌರವದಿಂದ ಬಾಯಿಪಾಠ ಮಾಡಿ ಬಂದು, ಮನೆಯಲ್ಲಿ ತನ್ನ ಅಜ್ಜಿಯ ಮಾತಿಗೆ ನಾಚಬೇಕೇ?

ನಿಮ್ಮ ಅತ್ತೆಯವರ ಮೇಲೆ ನನಗೆ ಸಿಟ್ಟಿಲ್ಲ, ಇದು ನಿಮಗೆ ಆಶ್ಚರ್ಯವಾಗಬಹುದು. ಊರಿನ ಅಣ್ಣನ ಜೊತೆ ಫೋನಿನಲ್ಲಿ ಮಾತನಾಡುವಾಗ ಅವರು ಒಳಗಿನ ಕೋಣೆಗೆ ಹೋಗಿ ಬಾಗಿಲು ಮುಂದೆ ಮಾಡುತ್ತಾರೆ, ಆಗ ಅವರಾಡುವ ಕನ್ನಡ ನಿಮಗೆ ಅರ್ಧವೂ ತಿಳಿಯುವುದಿಲ್ಲ ಎಂದು ನೀವೇ ಬರೆದಿದ್ದೀರಿ. ಬಾಗಿಲು ಮುಚ್ಚಿದ್ದು ಗುಟ್ಟಿಗಾಗಿ ಎಂದು ನೀವು ಭಾವಿಸಿದ್ದೀರಿ. ನನಗೆ ಹಾಗೆ ಕಾಣುವುದಿಲ್ಲ. ಕುಂದಾಪುರದಿಂದ ಬಂದ ಎಷ್ಟೋ ಹೆಣ್ಣುಮಕ್ಕಳು ‘ಹ್ವಾಯ್’ ಎಂದದ್ದಕ್ಕೆ, ‘ಹೋಗುವುದು, ಬರುವುದು’ ಎನ್ನುವ ಬದಲು ‘ಹೋಪುದು, ಬಪ್ಪುದು’ ಎಂದದ್ದಕ್ಕೆ ಈ ಊರಿನ ಸಭೆಗಳಲ್ಲಿ ನಗೆಗೀಡಾಗಿ ತುಟಿ ಬಿಗಿದದ್ದನ್ನು ನಾನು ಕಣ್ಣಾರೆ ಕಂಡಿದ್ದೇನೆ. ಆ ‘ಹೋಪ’, ‘ಬಪ್ಪ’ಗಳು 12ನೇ ಶತಮಾನದ ವಚನಗಳಲ್ಲಿ ಇರುವ ರೂಪಗಳು ಎಂದು ಆಗ ಅವರಿಗೆ ಹೇಳುವವರಿರಲಿಲ್ಲ. ಈಗ ಕುಂದಾಪುರದವರು ತಮ್ಮ ಮಾತಿಗೆಂದೇ ಆಸಾಡಿ ಅಮಾವಾಸ್ಯೆಯ ದಿನ ಹಬ್ಬ ಮಾಡುತ್ತಾರೆ, ಆದರೆ ನಿಮ್ಮ ಅತ್ತೆ ಮುಂಬೈಗೆ ಬಂದಾಗ ಆ ಧೈರ್ಯ ಯಾರಿಗೂ ಇರಲಿಲ್ಲ. ಮೊಮ್ಮಗಳ ಮೇಲೆ ಜನ ನಕ್ಕಾಗ ಅವರಿಗೆ ನೆನಪಾದದ್ದು ತಮ್ಮದೇ ಪಾಡು ಎಂದು ನನಗೆ ಬಲವಾಗಿ ಅನಿಸುತ್ತದೆ. ಒಂದೇ ಮನೆಯಲ್ಲಿ ಒಬ್ಬರು ಬಾಗಿಲು ಹಾಕಿಕೊಂಡು, ಇನ್ನೊಬ್ಬರು ಬೀದಿಗೆ ಹೋಗಿ ತಮ್ಮ ಕನ್ನಡ ಆಡುತ್ತಿದ್ದಾರೆ. ನಿಮ್ಮ ಗಂಡನ ಬಗ್ಗೆ ಹೆಚ್ಚು ಹೇಳುವುದಿಲ್ಲ, ಅವರು ತಲೆಯಾಡಿಸಿದ್ದು ತಾಯಿಯ ಮಾತಿಗೆ, ಯೋಚಿಸಿ ಅಲ್ಲ.

ಹೇಳಬೇಕಾದದ್ದು ನಿಮ್ಮ ಬಗ್ಗೆ ಇದೆ, ಅದು ಸ್ವಲ್ಪ ಕಠಿಣವಾಗಿದೆ. ನಿಮ್ಮ ಪತ್ರದ ಎರಡನೆಯ ಪುಟದಲ್ಲಿ ನೀವು ಮೊದಲು “ಅವ್ವ ಭಾಳ ಸೊರಗ್ಯಾಳ” ಎಂದು ಬರೆದು, ಅದಕ್ಕೆ ಗೀಟು ಹಾಕಿ, ಮೇಲೆ “ತಾಯಿಯವರು ಬಹಳ ಬಡವಾಗಿದ್ದಾರೆ” ಎಂದು ಬರೆದಿದ್ದೀರಿ. ಹೊಡೆದು ಹಾಕಿದ ಮೂರು ಪದಗಳಲ್ಲಿ ಇದ್ದ ಸಂಕಟ ತಿದ್ದಿದ ವಾಕ್ಯದಲ್ಲಿ ಇಲ್ಲ. ಮದುವೆಯಾದ 11 ವರ್ಷಗಳಲ್ಲಿ ಗಂಡನ ಮನೆಯವರೆದುರು ಒಮ್ಮೆಯೂ ಊರಿನ ಮಾತು ಆಡಿಲ್ಲ, ತಾಯಿ ಬಂದ ಮೇಲೂ ಎಲ್ಲರೂ ಇರುವಾಗ ಅವರ ಜೊತೆ ಪುಸ್ತಕದ ಕನ್ನಡವನ್ನೇ ಆಡುತ್ತೇನೆ ಎಂದು ನೀವು ಹೆಮ್ಮೆಯಿಂದಲೇ ಬರೆದಿದ್ದೀರಿ. ಆ ಮನೆಯಲ್ಲಿ ಜಮಖಂಡಿಯ ಮಾತಿಗೆ ಮೊದಲು ಬಾಗಿಲು ಹಾಕಿದವರು ಅತ್ತೆಯಲ್ಲ, ತೀರ್ಪುಗಾರರೂ ಅಲ್ಲ, ನೀವು. ಮಗುವಿನ ಕಣ್ಣಿಗೆ ಆ ಮಾತು ಅಜ್ಜಿಯೊಬ್ಬರದೇ ವಿಚಿತ್ರ ರೂಢಿಯಾಗಿ ಕಂಡಿದ್ದರೆ, ಅದಕ್ಕೆ ಕಾರಣ ತನ್ನ ಅಮ್ಮನೂ ಅದೇ ಮಾತಿನಲ್ಲಿ ಹುಟ್ಟಿ ಬೆಳೆದವಳು ಎಂದು ಅದು ಒಮ್ಮೆಯೂ ಕೇಳಿಸಿಕೊಳ್ಳದಿರುವುದು. ಜನ ನಕ್ಕಾಗ ಅದು ವೇದಿಕೆಯ ಮೇಲಿಂದ ನಿಮ್ಮತ್ತ ನೋಡಿತು ಎಂದಿದ್ದೀರಿ. ಅದು ಹುಡುಕಿದ್ದು ಸಮಾಧಾನವನ್ನಲ್ಲ, ತನ್ನ ಹಾಗೆ ಮಾತನಾಡುವ ಇನ್ನೊಬ್ಬರನ್ನು.

ತಾಯಿಗೆ ಮಾತು ತಿದ್ದಿಕೊಳ್ಳಲು ಹೇಳಬೇಡಿ, ಅತ್ತೆಯೊಡನೆ ವಾದಿಸಬೇಡಿ, ಸಂಘಕ್ಕೆ ಪತ್ರ ಬರೆಯುವ ಕೆಲಸವನ್ನು ನನಗೆ ಬಿಡಿ. ನೀವು ಮಾಡಬೇಕಾದದ್ದು ಒಂದೇ ಕೆಲಸ. ಇಂದು ರಾತ್ರಿ ಎಲ್ಲರೂ ಊಟಕ್ಕೆ ಕುಳಿತಾಗ, ಅತ್ತೆ, ಗಂಡ, ಮಗಳು ಮೂವರೂ ಕೇಳುವಂತೆ, ದನಿ ತಗ್ಗಿಸದೆ, ನಿಮ್ಮ ತಾಯಿಯ ಕಡೆ ತಿರುಗಿ, “ಅವ್ವಾ, ಇನ್ನೊಂದು ರೊಟ್ಟಿ ಹಾಕ್ಲೇನು? ಆ ಅಕ್ಕಲಕೋಟದಾಕಿ ಇವತ್ತ ಏನ್ ಅಂದ್ಲು?” ಎಂದು ಕೇಳಿ, ಅವರು ಹೇಳಿ ಮುಗಿಸುವವರೆಗೆ ಏಳಬೇಡಿ.