ಮೋಡೆಮ್ ಕಿರುಚುತ್ತಿದ್ದದ್ದು ಯಾಕೆ?

ಮನೆಗೆ ಬಂದ ಮೊದಲ ಕಂಪ್ಯೂಟರ್ ಹೇಗಿತ್ತು, ಡಯಲ್‌ಅಪ್ ಮೋಡೆಮ್‌ನ ಆ ಕರ್ಕಶ ಶಬ್ದವನ್ನು ಹಳಬರೆಲ್ಲ ಯಾಕಿಷ್ಟು ಕೊಂಡಾಡುತ್ತಾರೆ ಎಂದು ಕೇಳಿದ್ದೀರಿ. ಶಬ್ದದಿಂದಲೇ ಶುರು ಮಾಡುತ್ತೇನೆ. ಮನೆಯ ಫೋನ್ ಲೈನ್ ಮೂಲಕ ಕರೆ ಮಾಡಿ ಕಂಪ್ಯೂಟರನ್ನು ಇಂಟರ್ನೆಟ್‌ಗೆ ಜೋಡಿಸುತ್ತಿದ್ದ ಉಪಕರಣವೇ ಈ ಮೋಡೆಮ್. ಅದು ಬರೀ ಗದ್ದಲವಾಗಿರಲಿಲ್ಲ.

ಮೊದಲು ಡಯಲ್ ಟೋನ್, ಆಮೇಲೆ ಅಂಕಿಗಳನ್ನು ಒತ್ತಿದ ಸದ್ದು, ಅತ್ತ ಕಡೆಯ ಮೋಡೆಮ್ ಕರೆ ಎತ್ತಿಕೊಂಡರೆ 2100 ಹರ್ಟ್ಸ್‌ನ ಉದ್ದನೆಯ ಸ್ವರ. ಮಾತಿನ ಪ್ರತಿಧ್ವನಿ ಅಳಿಸಲೆಂದು ದೂರವಾಣಿ ಜಾಲದಲ್ಲಿ ಕೂರಿಸಿದ್ದ ಉಪಕರಣಗಳಿಗೆ ‘ಇದು ಮಾತಲ್ಲ, ಸ್ವಲ್ಪ ಸುಮ್ಮನಿರಿ’ ಎಂಬ ಸೂಚನೆ ಅದು. ನಂತರದ ಕಿರುಚಾಟವೆಲ್ಲ ಎರಡೂ ಮೋಡೆಮ್‌ಗಳು ತಂತಿಯ ಗುಣಮಟ್ಟ ಅಳೆದು, ಎಷ್ಟು ವೇಗಕ್ಕೆ ಒಪ್ಪಬಹುದೆಂದು ನಡೆಸುವ ಚೌಕಾಸಿ. ಸ್ಪೀಕರ್ ಇಟ್ಟದ್ದಕ್ಕೂ ಕಾರಣವಿತ್ತು: ಲೈನ್ ಎಂಗೇಜ್ ಆಗಿದೆಯೇ, ತಪ್ಪು ಸಂಖ್ಯೆಗೆ ಹೋಗಿ ಯಾರೋ ‘ಹಲೋ, ಹಲೋ’ ಎನ್ನುತ್ತಿದ್ದಾರೆಯೇ ಎಂದು ನಮಗೆ ಕೇಳಿಸಬೇಕಿತ್ತು. ಸಂಪರ್ಕ ಸಿಕ್ಕ ಕೂಡಲೇ ಅದು ತಾನಾಗಿಯೇ ಬಾಯಿ ಮುಚ್ಚುತ್ತಿತ್ತು. ಮನೆಯವರೆಲ್ಲ ಮಲಗಿದ ಮೇಲೆ ಕೂರುವವರು ಮೋಡೆಮ್‌ಗೆ ‘ಎಟಿಎಂ0’ ಎಂಬ ಆದೇಶ ಕೊಟ್ಟು ಸ್ಪೀಕರ್ ಅನ್ನೇ ನಿಲ್ಲಿಸಿಬಿಡಬಹುದಿತ್ತು (ಹಣ ಕೊಡುವ ಯಂತ್ರಕ್ಕೂ ಇದಕ್ಕೂ ಸಂಬಂಧವಿಲ್ಲ). ನಾನು ನಿಲ್ಲಿಸುತ್ತಿರಲಿಲ್ಲ. ಕೇಳಿ ಕೇಳಿ, ಈ ಸಲ ಲೈನ್ ಸಿಗುತ್ತದೋ ಕೈಕೊಡುತ್ತದೋ ಎಂದು ಅರ್ಧದಲ್ಲೇ ಗೊತ್ತಾಗುವಷ್ಟು ಕಿವಿ ಪಳಗಿತ್ತು.

ಇನ್ನು ಕಂಪ್ಯೂಟರ್. ವಿಂಡೋಸ್ 98, ಮೇಜಿನ ಮುಕ್ಕಾಲು ಭಾಗ ಆಕ್ರಮಿಸಿದ ಗಾಜಿನ ಮಾನಿಟರ್, 32 ಎಂಬಿ ರ‍್ಯಾಮ್. ಈಗಿನವರು ಊಹಿಸಿಕೊಳ್ಳದ ಸಂಗತಿಯೆಂದರೆ, ದಿನದ ಬಹುಪಾಲು ಅದಕ್ಕೆ ಹೊರಗಿನ ಸಂಪರ್ಕವೇ ಇರುತ್ತಿರಲಿಲ್ಲ. ಪೇಂಟ್‌ನಲ್ಲಿ ಗೀಚುವುದು, ಸಾಲಿಟೇರ್ ಆಡುವುದು, ಏನೂ ತೋಚದಿದ್ದರೆ ಡಿಸ್ಕ್‌ನಲ್ಲಿ ಚದುರಿದ ಕಡತಗಳನ್ನು ಒಟ್ಟುಗೂಡಿಸುವ ಡಿಸ್ಕ್ ಡಿಫ್ರಾಗ್‌ಮೆಂಟರ್ ಹಚ್ಚಿ ಬಣ್ಣದ ಚೌಕಗಳು ಜಾಗ ಬದಲಿಸುವುದನ್ನು ನೋಡುತ್ತ ಕೂರುವುದು. ಮೌಸ್ ತಡವರಿಸತೊಡಗಿದರೆ ಅದನ್ನು ಬೋರಲು ಹಾಕಿ, ಮುಚ್ಚಳ ತಿರುಗಿಸಿ, ರಬ್ಬರ್ ಚೆಂಡನ್ನು ಹೊರತೆಗೆದು, ಒಳಗಿನ ಪುಟ್ಟ ಉರುಳೆಗಳಿಗೆ ಉಂಗುರದಂತೆ ಸುತ್ತಿಕೊಂಡ ಕೊಳೆಯನ್ನು ಉಗುರಿನಿಂದ ಕೆರೆಯಬೇಕು. ಆ ಕೊಳೆ ಇಡೀ ಪಟ್ಟಿಯಾಗಿ ಎದ್ದು ಬಂದಾಗ ಸಿಗುತ್ತಿದ್ದ ತೃಪ್ತಿಯನ್ನು ಆಮೇಲೆ ಯಾವ ಉಪಕರಣವೂ ಕೊಟ್ಟಿಲ್ಲ.

ಮೋಡೆಮ್ ಹೆಸರಿಗೆ 56 ಕೆಬಿಪಿಎಸ್, ಅಂದರೆ ಸೆಕೆಂಡಿಗೆ 56 ಕಿಲೋಬಿಟ್ (8 ಬಿಟ್ ಸೇರಿ ಒಂದು ಬೈಟ್, ಹಾಗಾಗಿ 7 ಕಿಲೋಬೈಟ್). ವಾಸ್ತವದಲ್ಲಿ ಸೆಕೆಂಡಿಗೆ 4–5 ಕಿಲೋಬೈಟ್ ಬಂದರೆ ಅದೇ ಭಾಗ್ಯ. 4 ಎಂಬಿಯ ಒಂದು ಎಂಪಿ3 ಹಾಡಿಗೆ ಕಾಲು ಗಂಟೆ ಹಿಡಿಯುತ್ತಿತ್ತು, ಅದೂ ನಡುವೆ ಅಕ್ಕ ಫೋನ್ ಎತ್ತದಿದ್ದರೆ. ಎತ್ತಿದಳೋ, ಲೈನ್ ಕಡಿದು ಹೋಯಿತು. ತಪ್ಪು ಅವಳದೆಂದು ಹೇಳಲಾರೆ, ಗಂಟೆಗಟ್ಟಲೆ ಫೋನ್ ಹಿಡಿದಿಟ್ಟುಕೊಂಡಿದ್ದವನು ನಾನು. ಬಂದ ಹಾಡನ್ನು ಗೆಳೆಯನಿಗೆ ಕೊಡೋಣವೆಂದರೆ ಫ್ಲಾಪಿಯಲ್ಲಿ ಹಿಡಿಸುವುದು 1.44 ಎಂಬಿ. ಹಾಡನ್ನು ಜಿಪ್ ಮಾಡಿ ತುಂಡರಿಸಿ ಒಯ್ದರೆ, ಕೊನೆಯ ಫ್ಲಾಪಿಯೇ ಅವನ ಮನೆಯಲ್ಲಿ ಓದಿಸಿಕೊಳ್ಳುತ್ತಿರಲಿಲ್ಲ. ಹಾಟ್‌ಮೇಲ್‌ನ ಇಮೇಲ್ ಪೆಟ್ಟಿಗೆಯ ಒಟ್ಟು ಜಾಗವೇ 2 ಎಂಬಿ, ಹಾಗಾಗಿ ಆ ದಾರಿಯೂ ಇಲ್ಲ.

ಸಂಪರ್ಕವಿದ್ದ ಹೊತ್ತನ್ನು ಮಾತ್ರ ಲೆಕ್ಕ ಹಾಕಿ ಬಳಸುತ್ತಿದ್ದೆವು. ಏನೇನು ಹುಡುಕಬೇಕೆಂದು ಮೊದಲೇ ಚೀಟಿಯಲ್ಲಿ ಬರೆದುಕೊಂಡು, ಪುಟಗಳನ್ನೆಲ್ಲ ಬೇರೆ ಬೇರೆ ಕಿಟಕಿಗಳಲ್ಲಿ ತೆರೆದಿಟ್ಟು, ಲೈನ್ ಕಡಿದು, ಆಮೇಲೆ ನಿಧಾನವಾಗಿ ಓದುವುದು. ಆ ವೇಗ ಮತ್ತೆ ಬೇಕೇ ಎಂದರೆ ಖಂಡಿತ ಬೇಡ, ಹಳೆಯದೆಲ್ಲ ಚಿನ್ನವೆಂಬ ಭ್ರಮೆ ನನಗಿಲ್ಲ. ಆದರೆ ಆ ಚೀಟಿಯ ಅಭ್ಯಾಸ ಹೋದದ್ದಕ್ಕೆ ಬೇಸರವಿದೆ. ಏನು ಬೇಕೆಂದು ಗೊತ್ತಿದ್ದೇ ಒಳಗೆ ಹೋಗುತ್ತಿದ್ದೆ, ಸಿಕ್ಕ ಮೇಲೆ ಹೊರಗೆ ಬರುತ್ತಿದ್ದೆ.

ಬ್ರಾಡ್‌ಬ್ಯಾಂಡ್ ಬಂದ ಮೇಲೆ ಈ ಪಾಡು ತಪ್ಪಿತು. ಎಡಿಎಸ್ಎಲ್ ಎಂಬ ಬಗೆಯ ಬ್ರಾಡ್‌ಬ್ಯಾಂಡ್, ಫೋನಿನ ಅದೇ ತಾಮ್ರದ ತಂತಿಯಲ್ಲಿ, ಮಾತಿಗಿಂತ ಮೇಲಿನ ಆವರ್ತನಗಳಲ್ಲಿ ದತ್ತಾಂಶ ಸಾಗಿಸುತ್ತದೆ, ಹಾಗಾಗಿ ಫೋನ್‌ಗೂ ಇಂಟರ್ನೆಟ್‌ಗೂ ಜಗಳವಿಲ್ಲ. ಮನೆಯಲ್ಲಿ ಅದನ್ನು ಅತಿ ಹೆಚ್ಚು ಸಂಭ್ರಮಿಸಿದ್ದು, ಕಂಪ್ಯೂಟರ್ ಕಡೆ ತಿರುಗಿಯೂ ನೋಡದ ಅಕ್ಕ.