ಮುರಿದದ್ದು ಹಿಂಜ್ ಅಲ್ಲ, ಅದನ್ನು ಹಿಡಿದ ಪ್ಲಾಸ್ಟಿಕ್

ಈ ಸಲ ಬಂದ ಪ್ರಶ್ನೆಗಳಲ್ಲಿ ಅರ್ಧಕ್ಕೂ ಜಾಸ್ತಿ ಲ್ಯಾಪ್‌ಟಾಪ್ ಹಿಂಜ್ ಬಗ್ಗೆಯೇ, ಅಂದರೆ ಸ್ಕ್ರೀನ್ ತೆರೆದು ಮುಚ್ಚುವ ಕೀಲಿನ ಬಗ್ಗೆಯೇ ಇದ್ದವು. ಹಾಗಾಗಿ ಬೇರೆಯವನ್ನು ಮುಂದಿನ ಸಲಕ್ಕೆ ಇಟ್ಟು, ಅವನ್ನೇ ತೆಗೆದುಕೊಂಡಿದ್ದೇನೆ.

ಪ್ರಶ್ನೆ: ನನ್ನ ಲ್ಯಾಪ್‌ಟಾಪ್‌ಗೆ ಮೂರು ವರ್ಷ. ತೆರೆಯುವಾಗ ಎಡಗಡೆ ಕಟಕಟ ಸದ್ದು ಬರುತ್ತಿತ್ತು, ತಲೆ ಕೆಡಿಸಿಕೊಳ್ಳಲಿಲ್ಲ. ಮೊನ್ನೆಯಿಂದ ಸ್ಕ್ರೀನಿನ ಚೌಕಟ್ಟು ಆ ಮೂಲೆಯಲ್ಲಿ ಬಿಟ್ಟುಕೊಂಡಿದೆ, ಉಗುರು ತೂರುವಷ್ಟು ಸಂದು. ಸ್ಕ್ರೀನ್ ಚೆನ್ನಾಗಿಯೇ ಕಾಣುತ್ತದೆ. ಹಿಂಜ್ ಮುರಿದಿದೆಯಾ? ಪರೀಕ್ಷೆ ಮುಗಿಯುವವರೆಗೆ ಹೀಗೇ ನಡೆಸಬಹುದಾ? (ಬಿ.ಕಾಂ. ವಿದ್ಯಾರ್ಥಿನಿ, ಹಾಸನ)

ಉತ್ತರ: ಹಿಂಜ್ ಬಹುಶಃ ಮುರಿದಿಲ್ಲ. ನನ್ನ ಟೇಬಲ್‌ಗೆ "ಹಿಂಜ್ ಹೋಗಿದೆ" ಅಂತ ಬರುವ ಲ್ಯಾಪ್‌ಟಾಪ್‌ಗಳನ್ನು ಬಿಚ್ಚಿದರೆ, ಹೆಚ್ಚಿನವುಗಳಲ್ಲಿ ಹಿಂಜ್ ಗಟ್ಟಿಮುಟ್ಟಾಗಿಯೇ ಇರುತ್ತದೆ. ಮುರಿದಿರುವುದು ಅದನ್ನು ಹಿಡಿದುಕೊಂಡಿದ್ದ ಪ್ಲಾಸ್ಟಿಕ್.

ಇದು ಬಾಗಿಲಿನ ಹಿಂಜ್ ತರಹ ಸಡಿಲವಾಗಿ ತಿರುಗುವ ವಸ್ತುವಲ್ಲ. ಒಂದು ಉಕ್ಕಿನ ಕಡ್ಡಿ, ಅದರ ಮೇಲೆ ಸಾಲಾಗಿ ಪೋಣಿಸಿದ ವಾಷರ್‌ಗಳು, ನಡುವೆ ಗ್ರೀಸ್, ತುದಿಯಲ್ಲಿ ಅದುಮಿ ಹಿಡಿಯುವ ನಟ್. ಬೇಕೆಂದೇ ಬಿಗಿಯಾಗಿ ಮಾಡಿರುತ್ತಾರೆ. ಇಲ್ಲದಿದ್ದರೆ ಸ್ಕ್ರೀನ್ ಬಿಟ್ಟಲ್ಲಿ ನಿಲ್ಲುವುದಿಲ್ಲ, ಅಲ್ವಾ? ಇದರ ಒಂದು ಕೈ ಸ್ಕ್ರೀನಿನ ಹಿಂಬದಿಗೆ, ಇನ್ನೊಂದು ಕೈ ಕೆಳಗಿನ ಬಾಡಿಗೆ ಸ್ಕ್ರೂ ಆಗಿರುತ್ತದೆ. ಆ ಸ್ಕ್ರೂಗಳು ಎರಡು, ಎರಡೂವರೆ ಮಿಲಿಮೀಟರ್ ದಪ್ಪದವು. ಅವು ಕೂರುವುದು ಮೆಣಸಿನಕಾಳಿನ ಗಾತ್ರದ ಹಿತ್ತಾಳೆ ನಟ್‌ಗಳಲ್ಲಿ. ಆ ನಟ್‌ಗಳನ್ನು ಬಿಸಿ ಮಾಡಿ ಪ್ಲಾಸ್ಟಿಕ್ ಗೂಟಗಳೊಳಗೆ ಹುದುಗಿಸಿರುತ್ತಾರೆ. ಇಡೀ ಸ್ಕ್ರೀನಿನ ಭಾರ ನಿಂತಿರುವುದು ಇಷ್ಟರ ಮೇಲೆ.

ವರ್ಷ ಕಳೆದಂತೆ ಗ್ರೀಸ್ ಒಣಗುತ್ತದೆ, ಧೂಳು ಸೇರುತ್ತದೆ, ಹಿಂಜ್ ಇನ್ನೂ ಬಿಗಿಯಾಗುತ್ತದೆ. ನೀವು ಮಾತ್ರ ಮೊದಲಿನ ಹಾಗೆಯೇ ಸ್ಕ್ರೀನಿನ ಮೇಲಂಚು ಹಿಡಿದು ಎಳೆಯುತ್ತೀರಿ. ಕೈ ಇರುವುದು ಹಿಂಜ್‌ನಿಂದ ಒಂದು ಗೇಣು ದೂರ, ಸ್ಕ್ರೂ ಇರುವುದು ಒಂದೆರಡು ಸೆಂಟಿಮೀಟರ್ ದೂರ. ಹಾರೆ ಹಾಕಿ ಕಲ್ಲು ಮೀಟಿದ ಹಾಗೆ, ಕೈಯ ಸಣ್ಣ ಬಲ ಆ ಗೂಟಗಳ ಹತ್ತಿರ ಹತ್ತು ಪಟ್ಟಾಗುತ್ತದೆ. ಒಂದೇ ಕೈಯಲ್ಲಿ ಒಂದು ಮೂಲೆ ಹಿಡಿದು ತೆರೆಯುವ ಅಭ್ಯಾಸವಿದ್ದರಂತೂ ಭಾರವೆಲ್ಲ ಆ ಬದಿಯ ಹಿಂಜ್‌ಗೇ. ನಿಮ್ಮದು ಎಡಗಡೆ ಹೋಗಿದೆ. ನೀವು ತೆರೆಯುವುದು ಎಡಗೈಯಲ್ಲಾ? ಒಮ್ಮೆ ಗಮನಿಸಿ.

ಆ ಕಟಕಟ ಸದ್ದು ಗೂಟ ಬಿರಿಯುತ್ತಿದ್ದ ಸದ್ದು. ಆಗಲೇ ಬಿಚ್ಚಿಸಿದ್ದರೆ ಸ್ಕ್ರೂ ಬಿಗಿ ಮಾಡಿ, ಹಿಂಜ್ ಸ್ವಲ್ಪ ಸಡಿಲಿಸಿ ಕೊಟ್ಟರೆ ಮುಗಿಯುತ್ತಿತ್ತು. ಈಗ ಗೂಟ ಕಿತ್ತು ಬಂದಿರುತ್ತದೆ. ಸಸಿ ಕಿತ್ತಾಗ ಬೇರಿಗೆ ಮಣ್ಣಿನ ಹೆಂಟೆ ಅಂಟಿಕೊಂಡು ಬರುತ್ತದಲ್ಲ, ಹಾಗೆ ಸ್ಕ್ರೂ, ಹಿತ್ತಾಳೆ ನಟ್, ಅದರ ಸುತ್ತ ಒಂದಿಷ್ಟು ಕರಿ ಪ್ಲಾಸ್ಟಿಕ್, ಎಲ್ಲ ಒಟ್ಟಿಗೆ ಹಿಂಜ್‌ನ ಕೈಗೆ ನೇತಾಡುತ್ತಿರುತ್ತವೆ.

ಎಲ್ಲಿ ಮುರಿದಿದೆ ಅಂತ ಬಿಚ್ಚದೆಯೇ ಒಂದು ಮಟ್ಟಿಗೆ ತಿಳಿಯಬಹುದು. ಲ್ಯಾಪ್‌ಟಾಪ್ ಆಫ್ ಮಾಡಿ ಟೇಬಲ್ ಮೇಲಿಡಿ. ಕಣ್ಣನ್ನು ಹಿಂದಿನ ಮೂಲೆಯ ಮಟ್ಟಕ್ಕೆ ತಂದು, ನಿಧಾನವಾಗಿ ನಾಲ್ಕು ಬೆರಳಷ್ಟು ಮಾತ್ರ ತೆರೆಯಿರಿ. ಸ್ಕ್ರೀನಿನ ಚೌಕಟ್ಟು ಬಾಯಿ ಬಿಟ್ಟರೆ ಮೇಲ್ಭಾಗದ ಗೂಟ ಹೋಗಿದೆ. ಕೀಬೋರ್ಡ್ ಇರುವ ಭಾಗ ತಳದಿಂದ ಎದ್ದರೆ ಕೆಳಗಿನದು. ಎಲ್ಲಿಯೂ ಸಂದು ಕಾಣದೆ ಸ್ಕ್ರೀನ್ ಸುಮ್ನೆ ಹಿಂದಕ್ಕೆ ಬೀಳುತ್ತಿದ್ದರೆ ಆಗ ಮಾತ್ರ ಹಿಂಜ್ ಅನ್ನೇ ಅನುಮಾನಿಸಬೇಕು. ನೀವು ಹೇಳಿದ್ದು ನೋಡಿದರೆ ನಿಮ್ಮದು ಮೊದಲನೆಯದು.

ಪರೀಕ್ಷೆವರೆಗೆ ನಡೆಸಬಹುದು, ಮುಚ್ಚದೇ ಇದ್ದರೆ. ಕೆಲಸಕ್ಕೆ ಬೇಕಾದ ಕೋನಕ್ಕೆ ತಂದು ಅಲ್ಲೇ ಬಿಡಿ. ಹಿಂದಕ್ಕೆ ಎರಡು ದಪ್ಪ ಪುಸ್ತಕ ಒರಗಿಸಿ. ಮುಚ್ಚಲೇಬೇಕಾದರೆ ಎರಡೂ ಕೈಯಿಂದ, ಹಿಂಜ್‌ಗಳ ಪಕ್ಕದಲ್ಲೇ ಹಿಡಿದು ಮೆಲ್ಲಗೆ. ಇವತ್ತೇ ನಿಮ್ಮ ನೋಟ್ಸ್, ಪ್ರಾಜೆಕ್ಟ್ ಎಲ್ಲ ಪೆನ್‌ಡ್ರೈವ್‌ಗೆ ಕಾಪಿ ಮಾಡಿಟ್ಟುಕೊಳ್ಳಿ. ಸ್ಕ್ರೀನಿಗೆ ಹೋಗುವ ಕೇಬಲ್ ಹಿಂಜ್‌ನ ಪಕ್ಕದಲ್ಲೇ ಹಾದು ಹೋಗುತ್ತದೆ. ಕೂದಲಿನಷ್ಟು ತೆಳುವಾದ ತಂತಿಗಳ ಕಟ್ಟು ಅದು. ಕೆಲವು ಕೋನದಲ್ಲಿ ಸ್ಕ್ರೀನ್ ಮಿಣಮಿಣ ಅಂದರೆ ಅಥವಾ ಗೆರೆ ಬಂದರೆ ಕೇಬಲ್ ನಲುಗುತ್ತಿದೆ ಅಂತ ಅರ್ಥ. ವೈಫೈ ಆಂಟೆನಾ ತಂತಿಯೂ ಎಷ್ಟೋ ಮಾಡೆಲ್‌ಗಳಲ್ಲಿ ಅದೇ ದಾರಿಯಲ್ಲಿ ಮೇಲಕ್ಕೆ ಹೋಗುತ್ತದೆ. ಇದ್ದಕ್ಕಿದ್ದಂತೆ ವೈಫೈ ಮಂಕಾದರೆ ರೂಟರ್‌ಗೆ ಬೈಯುವ ಮೊದಲು ಇದನ್ನೂ ನೆನಪಿಸಿಕೊಳ್ಳಿ. ಮತ್ತೆ, ಕಿತ್ತು ಬಂದ ಹಿಂಜ್‌ನ ಕೈ ಸ್ಕ್ರೀನಿನ ಗಾಜಿನ ಅಂಚಿಗೆ ಒತ್ತುತ್ತಿರುತ್ತದೆ. ಒಂದು ದಿನ ಗಾಜೇ ಒಡೆಯುತ್ತದೆ. ಆಗ ಖರ್ಚು ಹಿಂಜ್‌ನದ್ದಲ್ಲ, ಸ್ಕ್ರೀನಿನದ್ದು.

ಪ್ರಶ್ನೆ: ನನ್ನ ಲ್ಯಾಪ್‌ಟಾಪ್ ಸರಿಯಾಗಿ ಮುಚ್ಚುತ್ತಿಲ್ಲ. ಕೈ ಇಡುವ ಜಾಗ ಉಬ್ಬಿದೆ, ಟಚ್‌ಪ್ಯಾಡ್ ಕ್ಲಿಕ್ ಆಗುತ್ತಿಲ್ಲ. ಮಗ ಫೋನಿನಲ್ಲಿ "ಹಿಂಜ್ ಹೋಗಿರಬೇಕು, ಸ್ವಲ್ಪ ಒತ್ತಿ ಕೂರಿಸಿ" ಅಂದ. ಒತ್ತಲೇ? (ನಿವೃತ್ತ ಶಿಕ್ಷಕರು, ಶಿರಸಿ)

ಉತ್ತರ: ದಯವಿಟ್ಟು ಒತ್ತಬೇಡಿ ಸರ್. ಇದು ಹಿಂಜ್ ಅಲ್ಲ, ಬ್ಯಾಟರಿ ಊದಿಕೊಂಡಿರುವ ಲಕ್ಷಣ. ಹಿಂಜ್ ಹೋದರೆ ಸಂದು ಬೀಳುವುದು ಹಿಂದಿನ ಮೂಲೆಯಲ್ಲಿ, ತೆರೆದು ಮುಚ್ಚುವಾಗ ಅದು ಹೆಚ್ಚು ಕಡಿಮೆಯಾಗುತ್ತದೆ. ಬ್ಯಾಟರಿ ಊದಿದರೆ ಉಬ್ಬುವುದು ಮುಂಭಾಗ ಅಥವಾ ನಡುಭಾಗ, ತೆರೆದರೂ ಮುಚ್ಚಿದರೂ ಉಬ್ಬು ಹಾಗೇ ಇರುತ್ತದೆ. ಚಾರ್ಜರ್ ತೆಗೆದು, ಆಫ್ ಮಾಡಿ, ಹಾಸಿಗೆ ಬಟ್ಟೆಗಳಿಂದ ದೂರ ಇಡಿ. ಊದಿದ ಬ್ಯಾಟರಿಗೆ ಚುಚ್ಚಿದರೆ, ಅದುಮಿದರೆ ಬೆಂಕಿ ಹತ್ತಬಹುದು. ರಿಪೇರಿ ಅಂಗಡಿಗೆ ಇವತ್ತೇ ಕೊಟ್ಟು ಕಳಿಸಿ. ಊದಿದ ಬ್ಯಾಟರಿ ಅಂತ ಮೊದಲೇ ಹೇಳಿ ಕೊಡಬೇಕು.

ಪ್ರಶ್ನೆ: ಹಿಂಜ್ ಕಿತ್ತುಬಂದಿದ್ದ ಜಾಗಕ್ಕೆ ಸೂಪರ್ ಗ್ಲೂ ಹಾಕಿದೆ. ಎರಡು ದಿನ ನಿಂತಿತು, ಮೂರನೇ ದಿನ ಮತ್ತೆ ಟಕ್ ಅಂತು. ಇನ್ನೂ ಒಳ್ಳೆಯ ಗ್ಲೂ ಯಾವುದು? (ಡಿಟಿಪಿ ಕೆಲಸ ಮಾಡುವವರು, ಗಂಗಾವತಿ)

ಉತ್ತರ: ಹೊಸದರಲ್ಲಿ ನಾನೂ ಇದೇ ತಪ್ಪು ಮಾಡಿದವನೇ, ಅದಕ್ಕೇ ಸ್ವಲ್ಪ ಉದ್ದವಾಗಿ ಹೇಳುತ್ತೇನೆ. ಪರಿಚಯದವರ ಲ್ಯಾಪ್‌ಟಾಪ್. ಗೂಟಕ್ಕೆ ನಾಲ್ಕು ಹನಿ ಗ್ಲೂ ಬಿಟ್ಟು, ಹಿಂಜ್ ಕೂರಿಸಿ, ಗರ್ವದಿಂದ ಮುಚ್ಚಿದೆ. ಬೆಳಿಗ್ಗೆ ತೆರೆಯಲು ಹೋದರೆ ಬರಲೇ ಇಲ್ಲ. ನೀರಿನ ಹಾಗಿರುವ ಆ ಗ್ಲೂ ರಾತ್ರಿ ಹರಿದು ಹಿಂಜ್‌ನ ಕಡ್ಡಿಗೇ ಇಳಿದು ಹಿಡಿದುಬಿಟ್ಟಿತ್ತು. ಬಲ ಹಾಕಿದ್ದಕ್ಕೆ ಇನ್ನೊಂದು ಬದಿಯ ಗೂಟವೂ ಹೋಯಿತು. ಹಿಂಜ್ ಜೋಡಿ, ಗೂಟಗಳಿರುವ ಪ್ಲಾಸ್ಟಿಕ್ ಪ್ಯಾನಲ್ ಎರಡೂ ನನ್ನ ಜೇಬಿನಿಂದ.

ಸೂಪರ್ ಗ್ಲೂ ಒಣಗಿದರೆ ಗಾಜಿನ ಹಾಗೆ ಪೆಡಸು. ನೇರ ಎಳೆತ ತಡೆಯುತ್ತದೆ, ತಿರುಚುವ ಬಲ ತಡೆಯುವುದಿಲ್ಲ. ಹಿಂಜ್ ಮಾಡುವುದೇ ತಿರುಚುವ ಕೆಲಸ. ಅಂಟಿಸಲೇಬೇಕಾದರೆ ಎರಡು ಟ್ಯೂಬ್ ಬೆರೆಸಿ ಹಚ್ಚುವ ಎಪಾಕ್ಸಿ ವಾಸಿ, ಅರಾಲ್ಡೈಟ್ ಜಾತಿಯದು. ಅದರಲ್ಲೂ ಐದು ನಿಮಿಷಕ್ಕೆ ಹಿಡಿಯುವುದಕ್ಕಿಂತ ರಾತ್ರಿಯಿಡೀ ತೆಗೆದುಕೊಳ್ಳುವುದು ಗಟ್ಟಿ.

ಮೊದಲು ಬ್ಯಾಟರಿಯ ಕನೆಕ್ಟರ್ ತೆಗೆಯಬೇಕು. ಹಳೆಯ ಗ್ಲೂ ಪೂರ್ತಿ ಕೆರೆದು ಹಾಕಿ. ಆ ಜಾಗವನ್ನು ಸ್ಯಾಂಡ್‌ಪೇಪರ್‌ನಿಂದ ತರಿತರಿ ಮಾಡಿ, ಐಸೊಪ್ರೊಪೈಲ್ ಆಲ್ಕೊಹಾಲ್‌ನಿಂದ ಒರೆಸಿ. ನುಣುಪಾದ ಗೋಡೆಗೆ ಗಾರೆ ನಿಲ್ಲುತ್ತದಾ? ಅದೇ ಲೆಕ್ಕ. ಹಿತ್ತಾಳೆ ನಟ್ ಅನ್ನು ಮೂಲ ಜಾಗದಲ್ಲಿ ನೇರವಾಗಿ ನಿಲ್ಲಿಸಿ, ಒಳಗೆ ಎಪಾಕ್ಸಿ ಹೋಗದ ಹಾಗೆ ಸ್ಕ್ರೂಗೆ ಚೂರು ಗ್ರೀಸ್ ಸವರಿ ತಿರುಗಿಸಿಡಿ. ಸುತ್ತಲೂ ಎಪಾಕ್ಸಿಯ ಕಟ್ಟೆ ಕಟ್ಟಿ. ತೆಂಗಿನ ಮರದ ಬುಡಕ್ಕೆ ಪಾತಿ ಕಟ್ಟಿದ ಹಾಗೆ ಅಗಲವಾಗಿರಲಿ. ಆಮೇಲೆ 24 ಗಂಟೆ ಮುಟ್ಟಬೇಡಿ. ತಡೆಯಲಾರದೆ ಸಂಜೆಯೇ ತೆರೆದು ನೋಡುವವರೇ ಜಾಸ್ತಿ, ಅಲ್ಲೇ ಕೆಡುವುದು.

ಇಷ್ಟೆಲ್ಲ ಮಾಡಿ, ಹಿಂಜ್‌ನ ಬಿಗಿಯನ್ನು ಹಾಗೇ ಬಿಟ್ಟರೆ ಮಾಡಿದ್ದೆಲ್ಲ ನೀರಲ್ಲಿ ಹೋಮ. ಗೂಟ ಮುರಿಯಲು ಕಾರಣವೇ ಆ ಬಿಗಿ. ಕೂರಿಸುವ ಮೊದಲು ಹಿಂಜ್‌ನ ತುದಿಯ ನಟ್ ಅನ್ನು ಕಾಲು ಸುತ್ತು ಸಡಿಲಿಸಿ ನೋಡಿ. ಎರಡೂ ಬದಿ ಒಂದೇ ಸಮ ಇರಬೇಕು, ಇಲ್ಲದಿದ್ದರೆ ಸ್ಕ್ರೀನ್ ತಿರುಚಿಕೊಳ್ಳುತ್ತದೆ. ಕೆಲವು ಹಿಂಜ್‌ಗಳಲ್ಲಿ ನಟ್ ಇರುವುದಿಲ್ಲ, ತುದಿಯನ್ನು ಬಡಿದು ಮುಚ್ಚಿರುತ್ತಾರೆ. ಅವು ಬಿಗಿಯಾದರೆ ಜೋಡಿಯನ್ನೇ ಬದಲಾಯಿಸಬೇಕು.

ಪ್ರಶ್ನೆ: ಎಸ್.ಪಿ. ರೋಡಿನಲ್ಲಿ ಎರಡು ಅಂಗಡಿಯಲ್ಲಿ ತೋರಿಸಿದೆ. ಒಬ್ಬರು "ಎ ಪ್ಯಾನಲ್, ಹಿಂಜ್ ಎರಡೂ ಹೊಸದು ಹಾಕಬೇಕು" ಅಂದರು. ಇನ್ನೊಬ್ಬರು "ತೂತು ಕೊರೆದು ಬೋಲ್ಟ್ ಹಾಕಿ ಕೊಡ್ತೀನಿ, ಅರ್ಧ ಗಂಟೆ" ಅಂದರು. ಯಾರನ್ನು ನಂಬಲಿ? (ಸಾಫ್ಟ್‌ವೇರ್ ಉದ್ಯೋಗಿ, ಬೆಂಗಳೂರು)

ಉತ್ತರ: ಇಬ್ಬರೂ ಸುಳ್ಳು ಹೇಳಿಲ್ಲ. ಮೊದಲು ಅವರ ಭಾಷೆ ತಿಳಿದುಕೊಳ್ಳಿ. ಸ್ಕ್ರೀನಿನ ಹಿಂಬದಿಯ ಮುಚ್ಚಳ ಎ ಪ್ಯಾನಲ್, ಮುಂದಿನ ಚೌಕಟ್ಟು ಬಿ, ಕೀಬೋರ್ಡ್ ಕೂರುವ ಭಾಗ ಸಿ, ತಳ ಡಿ.

ಬೋಲ್ಟ್ ಅಂದರೆ ಮುಚ್ಚಳದ ಆಚೆಯವರೆಗೆ ತೂತು ಕೊರೆದು ಹಿಂಜ್ ಅನ್ನು ನಟ್ ಬೋಲ್ಟ್‌ನಿಂದ ಬಿಗಿಯುವುದು. ಹೊರಗಡೆ ಎರಡು ಮೂರು ಬೋಲ್ಟ್ ತಲೆ ಕಾಣುತ್ತವೆ. ಚೆಂದವಿಲ್ಲ, ಆದರೆ ಗಟ್ಟಿ. ಐದಾರು ವರ್ಷ ಹಳೆಯ ಯಂತ್ರ, ಇನ್ನೊಂದೆರಡು ವರ್ಷ ನಡೆದರೆ ಸಾಕು ಅನ್ನುವವರಿಗೆ ನಾನೇ ಇದನ್ನು ಹೇಳುತ್ತೇನೆ. ಒಳಗೂ ಹೊರಗೂ ಅಗಲ ವಾಷರ್ ಹಾಕಿಸಿ. ಕೊರೆಯುವ ಮೊದಲು ಸ್ಕ್ರೀನ್ ತೆಗೆದು ಪಕ್ಕಕ್ಕಿಡುತ್ತಾರಾ ಅಂತ ಕೇಳಿ. "ಬೇಕಿಲ್ಲ ಸಾರ್, ಅಂದಾಜಿಗೆ ಕೊರೀತೀನಿ" ಅಂದರೆ ಲ್ಯಾಪ್‌ಟಾಪ್ ಎತ್ತಿಕೊಂಡು ಹೊರಡಿ. ಕೆಳಭಾಗದ ಗೂಟ ಹೋಗಿದ್ದರೆ ಬೋಲ್ಟ್ ಉಪಾಯ ಎಲ್ಲ ಕಡೆ ನಡೆಯುವುದಿಲ್ಲ, ಅಲ್ಲಿ ಮದರ್‌ಬೋರ್ಡ್, ಫ್ಯಾನ್ ಎಲ್ಲ ಇರುತ್ತವೆ.

ಯಂತ್ರಕ್ಕೆ ಎರಡು ಮೂರು ವರ್ಷವಷ್ಟೇ ಆಗಿದ್ದರೆ ಪ್ಯಾನಲ್ ಬದಲಾಯಿಸಿ. ಮಾಡೆಲ್ ಮೇಲೆ ಬೆಲೆ ಬಹಳ ಬದಲಾಗುತ್ತದೆ, ಆದರೆ ಸಾಮಾನ್ಯವಾಗಿ ಹಿಂಜ್ ಜೋಡಿಗಿಂತ ಪ್ಯಾನಲ್‌ಗೇ ಜಾಸ್ತಿ. ತಳದ ಸ್ಟಿಕರ್‌ನಲ್ಲಿರುವ ಪೂರ್ತಿ ಮಾಡೆಲ್ ನಂಬರ್ ಕೊಡಿ. ಒಂದೇ ಹೆಸರಿನ ಲ್ಯಾಪ್‌ಟಾಪ್‌ನಲ್ಲಿ ಟಚ್ ಇರುವುದಕ್ಕೆ ಒಂದು ಹಿಂಜ್, ಇಲ್ಲದ್ದಕ್ಕೆ ಇನ್ನೊಂದು ಇರಬಹುದು, ಏಕೆಂದರೆ ಟಚ್ ಸ್ಕ್ರೀನ್ ತೂಕ ಹೆಚ್ಚು. ಹಳೆಯ ಬಿಗಿ ಹಿಂಜ್ ಅನ್ನೇ ಹೊಸ ಪ್ಯಾನಲ್‌ಗೆ ಹಾಕಿ ಕೊಡುವವರೂ ಇದ್ದಾರೆ. ಹಾಗಾದರೆ ಹೊಸ ಗೂಟಗಳಿಗೂ ಹಳೆಯ ಗತಿಯೇ. ತೆಗೆದ ಸಾಮಾನು ವಾಪಸ್ ಕೇಳಿ ತೆಗೆದುಕೊಳ್ಳಿ.

ಅಂಗಡಿಯಿಂದ ಹೊರಡುವ ಮೊದಲು ಆನ್ ಮಾಡಿ, ಸ್ಕ್ರೀನನ್ನು ಪೂರ್ತಿ ಹಿಂದಕ್ಕೂ ಮುಂದಕ್ಕೂ ನಿಧಾನವಾಗಿ ಆಡಿಸಿ ನೋಡಿ. ಮಿಣುಕಬಾರದು, ಬಿಟ್ಟಲ್ಲಿ ನಿಲ್ಲಬೇಕು, ಮೂಲೆಗಳಲ್ಲಿ ಸಂದು ಕಾಣಬಾರದು. ಕ್ಯಾಮೆರಾ, ಮೈಕ್ ಕೂಡ ನೋಡಿ. ಮೊಬೈಲ್ ಹಾಟ್‌ಸ್ಪಾಟ್ ಹಾಕಿ ಹತ್ತು ಹೆಜ್ಜೆ ದೂರ ಹೋಗಿ ವೈಫೈ ಪರೀಕ್ಷಿಸಿ. ಆಂಟೆನಾ ತಂತಿ ಮರಳಿ ಸಿಕ್ಕಿಸಲು ಮರೆಯುವುದು ಈ ಕೆಲಸದಲ್ಲಿ ಆಗಾಗ ಆಗುವ ಎಡವಟ್ಟು.

ಪ್ರಶ್ನೆ: ಕೊಂಡು ಎಂಟು ತಿಂಗಳು. ಬೀಳಿಸಿಲ್ಲ, ಏನಿಲ್ಲ, ಹಿಂಜ್ ಕಿತ್ತು ಬಂದಿದೆ. ಸರ್ವಿಸ್ ಸೆಂಟರ್‌ನವರು "ಫಿಸಿಕಲ್ ಡ್ಯಾಮೇಜ್, ವಾರಂಟಿ ಇಲ್ಲ" ಅನ್ನುತ್ತಾರೆ. (ಗೃಹಿಣಿ, ಮೈಸೂರು)

ಉತ್ತರ: ಹಿಂಜ್ ವಿಷಯದಲ್ಲಿ ಈ ಮಾತು ಮಾಮೂಲು. ಮೊದಲು ಬಿಲ್ ತೆಗೆದು ನೋಡಿ, ಆಕ್ಸಿಡೆಂಟಲ್ ಡ್ಯಾಮೇಜ್ ಪ್ಲಾನ್ ಸೇರಿಸಿಕೊಟ್ಟಿದ್ದರೆ ಜಗಳವೇ ಬೇಕಿಲ್ಲ. ಇಲ್ಲದಿದ್ದರೆ ಬಿಚ್ಚಿಸಬೇಡಿ, ಅಂಟಿಸಬೇಡಿ. ಹೊರಗಡೆ ಪೆಟ್ಟು ಬಿದ್ದ ಗುರುತಿಲ್ಲ ಅಂತ ಕಾಣುವ ಹಾಗೆ ನಾಲ್ಕೂ ಮೂಲೆಯ ಫೋಟೊ, ತೆರೆಯುವಾಗಿನ ವೀಡಿಯೊ ತೆಗೆದಿಡಿ. ಬಿದ್ದ ಲ್ಯಾಪ್‌ಟಾಪ್‌ನ ಮೂಲೆ ಜಜ್ಜಿರುತ್ತದೆ. ನಿಮ್ಮ ಪರವಾಗಿ ಹೇಳಲು ಇರುವ ದೊಡ್ಡ ಸಾಕ್ಷಿ ಆ ಜಜ್ಜದ ಮೂಲೆಗಳೇ. ವಾರಂಟಿ ನಿರಾಕರಿಸಿದ್ದನ್ನು ಬರವಣಿಗೆಯಲ್ಲಿ, ಇಮೇಲ್ ಆದರೂ ಸರಿ, ಕೇಳಿ ಪಡೆಯಿರಿ.

ಆಮೇಲೆ ಕಂಪನಿಯ ಮೇಲಿನ ಹಂತಕ್ಕೆ ಬರೆಯಿರಿ. ಅಲ್ಲೂ ಆಗದಿದ್ದರೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ಕರೆ ಮಾಡಿ ದೂರು ದಾಖಲಿಸಿ. ಎಷ್ಟೋ ಪ್ರಕರಣ ಈ ಹಂತದಲ್ಲೇ ಇತ್ಯರ್ಥವಾಗುತ್ತವೆ. ಕೊನೆಗೆ ಜಿಲ್ಲಾ ಗ್ರಾಹಕ ಆಯೋಗವಿದೆ. 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯಡಿ ಎರಡು ವರ್ಷದೊಳಗೆ ದೂರು ಕೊಡಬೇಕು. ವಸ್ತುವಿಗೆ ಕೊಟ್ಟ ಹಣ 5 ಲಕ್ಷ ರೂಪಾಯಿವರೆಗೆ ಇದ್ದರೆ ಶುಲ್ಕವಿಲ್ಲ. ನೀವಿರುವ ಊರಿನಲ್ಲೇ ಕೊಡಬಹುದು, ಕೊಂಡ ಅಂಗಡಿ ಎಲ್ಲೇ ಇರಲಿ. ಗೆಲ್ಲುತ್ತೀರಿ ಅಂತ ನಾನು ಹೇಳಲಾರೆ, ಆದರೆ ಎಂಟು ತಿಂಗಳಿಗೆ ಕಿತ್ತು ಬರುವ ಗೂಟ ತಯಾರಿಕೆಯ ದೋಷ ಅಲ್ಲವೇ ಅಂತ ಕೇಳುವುದು ನ್ಯಾಯವೇ.

ಪ್ರಶ್ನೆ: ಹಿಂಜ್ ಇನ್ನೂ ಮುರಿದಿಲ್ಲ, ಬರೀ ಬಿಗಿ. ಅಮ್ಮನ ಹೊಲಿಗೆ ಮಿಷನ್ ಎಣ್ಣೆ ಎರಡು ಹನಿ ಬಿಡಲಾ? (ಪಿಯುಸಿ ವಿದ್ಯಾರ್ಥಿ, ತುಮಕೂರು)

ಉತ್ತರ: ಬೇಡ. ತೆಳು ಎಣ್ಣೆ ಹಿಂಜ್‌ನಲ್ಲಿ ನಿಲ್ಲದೆ ಕೆಳಗೆ ಕೇಬಲ್ ಕಡೆಗೋ ಸ್ಕ್ರೀನ್ ಅಂಚಿಗೋ ಇಳಿಯುತ್ತದೆ, ಧೂಳನ್ನೂ ಹಿಡಿಯುತ್ತದೆ. ಕೆಲವು ಎಣ್ಣೆಗಳು ಪ್ಲಾಸ್ಟಿಕ್ಕನ್ನೇ ಬಿರಿಸುತ್ತವೆ. ಯಾರಾದರೂ ಬಿಚ್ಚಿ, ಸ್ಕ್ರೂಗಳನ್ನು ಬಿಗಿ ಮಾಡಿ, ಹಿಂಜ್ ನಟ್ ಕಾಲು ಸುತ್ತು ಸಡಿಲಿಸಿದರೆ ಸಾಕು. ಅಲ್ಲಿಯವರೆಗೆ ಸ್ಕ್ರೀನಿನ ಮೇಲಂಚಿನ ನಡುಭಾಗ ಹಿಡಿದು ತೆರೆ, ಮೂಲೆ ಹಿಡಿಯಬೇಡ. ಎಣ್ಣೆ ಅಮ್ಮನ ಮಿಷನ್ನಿಗೇ ಇರಲಿ.