ಲ್ಯೂ ಜನ ಅಂಟು ಅಕ್ಕಿಯನ್ನು ನೀರಲ್ಲಿ ಬೇಯಿಸದೆ ಹಬೆಯಲ್ಲೇ ಬೇಯಿಸುವುದೇಕೆ?

ಉತ್ತರ ಲಾವೋಸ್, ಉತ್ತರ ಥಾಯ್ಲೆಂಡ್ ಮತ್ತು ಚೀನಾದ ಸಿಪ್ಸೊಂಗ್‌ಪನ್ನಾದ ಲ್ಯೂ ಎಂಬ ತಾಯ್ ಸಮುದಾಯದ ಹಳ್ಳಿಗಳಲ್ಲಿ ಸಾಂಪ್ರದಾಯಿಕವಾಗಿ ದಿನದ ಅನ್ನವೆಂದರೆ ಅಂಟು ಅಕ್ಕಿಯದೇ. ಈ ಅಕ್ಕಿಯ ಪಿಷ್ಟದಲ್ಲಿ ಅಮೈಲೋಸ್ (ಅನ್ನ ಉದುರುದುರಾಗಿಸುವ ಪಿಷ್ಟದ ಅಂಶ) ಇಲ್ಲವೆನ್ನುವಷ್ಟು ಕಡಿಮೆ. ನಮ್ಮ ಅನ್ನದಂತೆ ನೀರಿಟ್ಟು ಕುದಿಸಿದರೆ ಅಂಬಲಿಯಂತಾಗುತ್ತದೆ.

ಹಾಗಾಗಿ ರಾತ್ರಿಯೇ 6–8 ಗಂಟೆ ನೆನೆಹಾಕುತ್ತಾರೆ. ನಿಜವಾದ ಕೆಲಸ ಮಾಡುವುದು ಈ ನೆನೆಯುವಿಕೆಯೇ: ಕಾಳಿಗೆ ಬೇಕಾದ ನೀರು ಬಹುಪಾಲು ಇಲ್ಲೇ ಒಳಹೋಗಬೇಕು, ಹಬೆಯಿಂದ ಸಿಗುವುದು ಅಲ್ಪ. ಸಾಕಷ್ಟು ನೆನೆಸದೆ ಅವಸರ ಮಾಡಿದರೆ ನಡುವೆ ಗಟ್ಟಿ ಉಳಿಯುತ್ತದೆ.

ಬೆಳಿಗ್ಗೆ ನೀರು ಬಸಿದು, ಮರದ ಅಥವಾ ಬಿದಿರಿನ ಹಬೆಪಾತ್ರೆಗೆ ತುಂಬಿ, ಕುದಿಯುವ ನೀರಿನ ಮಡಕೆಯ ಮೇಲಿಡುತ್ತಾರೆ. ಕುದಿನೀರು ಅಕ್ಕಿಗೆ ತಾಗಬಾರದು, ತಾಗಿದರೆ ತಳ ಮುದ್ದೆಯಾಗುತ್ತದೆ. ಸುಮಾರು 25–30 ನಿಮಿಷ ಸಾಕು. ನಡುವೆ ಒಮ್ಮೆ ಮಗುಚಿದರೆ ಮೇಲಿನದೂ ಸಮನಾಗಿ ಬೇಯುತ್ತದೆ.

ಹೊಸಬರು ಮರೆಯುವ ಹಂತ ಮುಂದಿನದು. ಇಳಿಸಿದ ಕೂಡಲೇ ಮರದ ತಟ್ಟೆಯಲ್ಲಿ ಹರಡಿ, ಕೈಯಾಡಿಸಿ ಹಬೆ ಬಿಡಿಸಬೇಕು. ಬಿಸಿಬಿಸಿಯಾಗಿಯೇ ಮುಚ್ಚಿಟ್ಟರೆ ಅನ್ನ ಬೆವತು ಜಿಗುಟಾಗುತ್ತದೆ. ಆಮೇಲೆ ಮುಚ್ಚಳದ ಬಿದಿರು ಬುಟ್ಟಿಗೆ ತುಂಬಿದರೆ ಗದ್ದೆಗೂ ಅದೇ ಬುತ್ತಿ. ಬೌದ್ಧ ಭಿಕ್ಷುಗಳಿಗೆ ನೀಡುವುದೂ ಇದನ್ನೇ.